ಹತ್ತುವ ವಿದ್ಯೆ, ಹತ್ತಿಸುವ ವಿದ್ಯೆ: ಹೊರಾಂಗಣ ಸಾಹಸ ಶಿಕ್ಷಕರ ವೃತ್ತಿ ತರಬೇತಿ

ಬೆಟ್ಟ, ಬಂಡೆ, ಹೊಳೆ, ಕೆರೆ, ಬಯಲುಗಳನ್ನೇ ಶಾಲೆ ಮಾಡಿಕೊಂಡು, ಮಾಡಿ ನೋಡುವುದರಿಂದಲೇ ಕಲಿಸುವ ಪದ್ಧತಿಗೆ ಹೊರಾಂಗಣ ಸಾಹಸ ಶಿಕ್ಷಣ ಎಂದು ಹೆಸರು. ಚಾರಣ, ಬಂಡೆ ಹತ್ತುವುದು, ದೋಣಿ ನಡೆಸುವುದು, ಡೇರೆಯಲ್ಲಿ ರಾತ್ರಿ ಕಳೆಯುವುದು ಇದರ ಸಾಧನಗಳು. ಧೈರ್ಯ, ಕೂಡಿ ದುಡಿಯುವ ಗುಣ, ನಿಸರ್ಗದ ತಿಳಿವಳಿಕೆ ಇದರ ಗುರಿಗಳು. ಇದನ್ನು ಕಲಿಸುವವರನ್ನು ಬೋಧಕ, ಶಿಬಿರ ನಾಯಕ, ಗೈಡ್, ಇನ್‌ಸ್ಟ್ರಕ್ಟರ್ ಎಂದು ಬೇರೆ ಬೇರೆ ಹೆಸರುಗಳಿಂದ ಕರೆಯುತ್ತಾರೆ. ಅವರು ತಯಾರಾಗುವ ಬಗೆ, ತಯಾರಾದ ಮೇಲೂ ಕಲಿಯುತ್ತಲೇ ಇರಬೇಕಾದ ಬಗೆ ಈ ಲೇಖನದ ವಸ್ತು.

ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಗರಡಿಮನೆ ನೋಡಿದವರಿಗೆ ಈ ವಿಚಾರ ಹೊಸದಲ್ಲ. ಕುಸ್ತಿ ಗೆದ್ದ ಪೈಲವಾನರೆಲ್ಲ ವಸ್ತಾದರಾಗುವುದಿಲ್ಲ. ಹುಡುಗನ ಮೈಯಲ್ಲಿ ಎಷ್ಟು ಕಸುವಿದೆ, ಇಂದು ಅವನನ್ನು ಯಾರ ಮೇಲೆ ಬಿಡಬೇಕು, ಯಾವ ಪಟ್ಟನ್ನು ಇನ್ನೂ ಹೇಳಿಕೊಡಬಾರದು ಎಂಬುದನ್ನು ವಸ್ತಾದ ಕಣ್ಣಳತೆಯಲ್ಲೇ ತೂಗುತ್ತಾನೆ. ಸಂಗ್ರಾಣಿ ಕಲ್ಲು ಎತ್ತುವ ಹೊಸಬನ ಪಕ್ಕದಲ್ಲಿ ಬಲ್ಲವನೊಬ್ಬ ನಿಂತಿರುತ್ತಾನೆ. ಸಾಹಸ ಶಿಕ್ಷಣದ ವೃತ್ತಿ ತರಬೇತಿಯೂ ಈ ವ್ಯತ್ಯಾಸದಿಂದಲೇ ಶುರುವಾಗುತ್ತದೆ. ಹತ್ತುವುದು ಒಂದು ವಿದ್ಯೆ, ಹತ್ತಿಸುವುದು ಇನ್ನೊಂದು. ಮೊದಲನೆಯದನ್ನು ಬಂಡೆ ಕಲಿಸುತ್ತದೆ. ಎರಡನೆಯದನ್ನು ಯಾರಾದರೂ ಕೂತು ಕಲಿಸಬೇಕು.

ಜಗತ್ತಿಗೆ ಇದು ತಡವಾಗಿ ತಿಳಿಯಿತು. 1941ರಲ್ಲಿ, ಯುದ್ಧದ ನಡುವೆ, ಬ್ರಿಟನ್ನಿನ ಹಡಗು ಕಂಪನಿಯೊಂದರ ಮಾಲೀಕ ಲಾರೆನ್ಸ್ ಹೋಲ್ಟ್ ಒಂದು ಸಂಗತಿ ಗಮನಿಸಿದ. ಹಡಗು ಮುಳುಗಿದಾಗ ಗಟ್ಟಿಮುಟ್ಟಾದ ಹರೆಯದ ನಾವಿಕರಿಗಿಂತ ವಯಸ್ಸಾದ, ಪಳಗಿದ ನಾವಿಕರೇ ಹೆಚ್ಚಾಗಿ ಬದುಕಿ ಬರುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು. ಶಿಕ್ಷಣತಜ್ಞ ಕರ್ಟ್ ಹಾನ್ ಜೊತೆಗೂಡಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ತೆರೆದ. ತೋಳಿನ ಬಲಕ್ಕಿಂತ ಒಳಗಿನ ಗಟ್ಟಿತನ ಬೆಳೆಸುವುದು ಅದರ ಉದ್ದೇಶ. ಈ ಶಾಲೆಯ ಮಾದರಿ ಅಮೆರಿಕಕ್ಕೆ ಹೋದಾಗ ಕೊಲೊರಾಡೊದಲ್ಲಿ ಮುಖ್ಯ ಬೋಧಕನಾಗಿದ್ದ ಪರ್ವತಾರೋಹಿ ಪಾಲ್ ಪೆಟ್ಜೋಲ್ಟ್‌ಗೆ ದೊಡ್ಡ ಕೊರತೆಯೊಂದು ಕಂಡಿತು: ಮಕ್ಕಳು ಸಾಲುಗಟ್ಟಿ ಬರುತ್ತಿದ್ದರು, ಕಲಿಸಬಲ್ಲವರು ಸಾಲುತ್ತಿರಲಿಲ್ಲ. 1965ರಲ್ಲಿ ಅವನು ವಯೋಮಿಂಗ್‌ನಲ್ಲಿ ನೋಲ್ಸ್ ಎಂಬ ಹೊಸ ಶಾಲೆಯನ್ನು ಮುಖ್ಯವಾಗಿ ಹೊರಾಂಗಣ ನಾಯಕರನ್ನು ತಯಾರಿಸಲೆಂದೇ ಕಟ್ಟಿದ.

ಕಟ್ಟುನಿಟ್ಟಿನ ನಿಯಮಗಳು ಮಾತ್ರ ಸಾವುಗಳ ನಂತರವೇ ಬಂದವು. 1971ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪ್ರಸ್ಥಭೂಮಿಯಲ್ಲಿ ಹಿಮಗಾಳಿಗೆ ಸಿಕ್ಕಿ ಐವರು ಶಾಲಾ ಮಕ್ಕಳೂ ಅವರ ಜೊತೆಗಿದ್ದ ಎಳೆಯ ಸಹಾಯಕ ನಾಯಕಿಯೂ ತೀರಿಕೊಂಡರು. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಬೇಯಲ್ಲಿ ಕಯಾಕ್ ನಡೆಸುತ್ತಿದ್ದ ನಾಲ್ವರು ಹದಿಹರೆಯದವರು ಸಮುದ್ರದ ಪಾಲಾದರು. ಎರಡು ವರ್ಷದ ನಂತರ, 1995ರಲ್ಲಿ, ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯ್ದೆ ಅಲ್ಲಿ ಬಂತು. ಇಂದು ಬ್ರಿಟನ್ನಿನಲ್ಲಿ ಮೌಂಟನ್ ಲೀಡರ್ ಆಗಬಯಸುವವರು ತರಬೇತಿಗೆ ಬರುವ ಮುಂಚೆಯೇ ಕನಿಷ್ಠ 20 ದಿನ, ಪರೀಕ್ಷೆಗೆ ಕೂರುವ ಮುಂಚೆ 40 ದಿನ ಬೆಟ್ಟದಲ್ಲಿ ಕಳೆದ ಲೆಕ್ಕವನ್ನು ದಿನಚರಿ ಪುಸ್ತಕದಲ್ಲಿ ತೋರಿಸಬೇಕು. ಪ್ರಮಾಣಪತ್ರಕ್ಕಿಂತ ಆ ದಿನಚರಿಗೇ ಹೆಚ್ಚಿನ ಬೆಲೆ ಎನ್ನಬಹುದು. ಕರ್ನಾಟಕದ ಶಿಬಿರಗಳು ಬೇರೇನನ್ನು ಎರವಲು ತಂದರೂ ತರದಿದ್ದರೂ ಈ ಒಂದು ರೂಢಿಯನ್ನಂತೂ ತರಬೇಕು.

ಭಾರತದಲ್ಲಿ ಈ ವೃತ್ತಿಯ ಬೆನ್ನೆಲುಬು ಪರ್ವತಾರೋಹಣ ಸಂಸ್ಥೆಗಳು. ತೇನ್‌ಸಿಂಗ್ ಎವರೆಸ್ಟ್ ಏರಿದ ಮರುವರ್ಷ, 1954ರ ನವೆಂಬರ್ 4ರಂದು, ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಮೌಂಟನೀರಿಂಗ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಹೊರಾಂಗಣ ತರಬೇತಿಯ ಮೊದಲ ನಿರ್ದೇಶಕ ತೇನ್‌ಸಿಂಗ್ ಅವರೇ. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ 1965ರಲ್ಲಿ ಹುಟ್ಟಿತು. ಇಂಥ ಸಂಸ್ಥೆಗಳಲ್ಲಿ ಮೂಲ ಕೋರ್ಸು, ಮುಂದುವರಿದ ಕೋರ್ಸು ತಲಾ ನಾಲ್ಕು ವಾರದವು. ಇವುಗಳಲ್ಲಿ ‘ಎ’ ಶ್ರೇಣಿ ಗಳಿಸಿದವರು ಮೆಥಡ್ ಆಫ್ ಇನ್‌ಸ್ಟ್ರಕ್ಷನ್, ಅಂದರೆ ಬೋಧನಾ ವಿಧಾನದ ಕೋರ್ಸಿಗೆ ಅರ್ಹರಾಗುತ್ತಾರೆ. ಅಲ್ಲಿ ಅಭ್ಯರ್ಥಿ ಹಗ್ಗ ಹಿಡಿದು ಪಾಠ ಮಾಡುತ್ತಾನೆ, ಹಿರಿಯರು ಕೂತು ನೋಡುತ್ತಾರೆ. ಗಂಟು ಸರಿಯಿದ್ದರಷ್ಟೇ ಸಾಲದು, ಅದನ್ನು ಹೊಸಬನಿಗೆ ತಿಳಿಯುವಂತೆ ಹೇಳಿದನೇ ಎಂಬುದಕ್ಕೂ ಅಂಕವಿದೆ.

ಕನ್ನಡ ನಾಡಿನ ಮಟ್ಟಿಗೆ ಕಥೆ ಇನ್ನೂ ಹಿಂದಿನಿಂದ ಆರಂಭವಾಗುತ್ತದೆ. ಭಾರತದ ಸ್ಕೌಟ್ ಚಳವಳಿಯ ಮೊದಲ ದಳ 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕಟ್ಟಲ್ಪಟ್ಟಿತು. ಸ್ಕೌಟಿಂಗ್‌ನಲ್ಲಿ ಮಕ್ಕಳ ತರಬೇತಿಗೆಷ್ಟೋ ನಾಯಕರ ತರಬೇತಿಗೂ ಅಷ್ಟೇ ಮಹತ್ವ. ಬೇಡನ್ ಪೊವೆಲ್ 1919ರಲ್ಲಿ ಲಂಡನ್ ಬಳಿಯ ಗಿಲ್‌ವೆಲ್ ಪಾರ್ಕಿನಲ್ಲಿ ನಾಯಕರಿಗಾಗಿ ವುಡ್ ಬ್ಯಾಡ್ಜ್ ಶಿಬಿರ ಆರಂಭಿಸಿ, ಮುಗಿಸಿದವರಿಗೆ ಮರದ ಮಣಿಗಳನ್ನು ಕೊಟ್ಟ. ಅದರ ಭಾರತೀಯ ರೂಪ ಹಿಮಾಲಯ ವುಡ್ ಬ್ಯಾಡ್ಜ್. ಶಾಲಾ ಶಿಕ್ಷಕರೊಬ್ಬರು ಬೇಸಿಕ್ ಮುಗಿಸಿ, ಕೆಲಕಾಲ ದಳ ನಡೆಸಿ, ಅಡ್ವಾನ್ಸ್‌ಡ್ ಮುಗಿಸಿ, ಆಮೇಲೆ ಎರಡು ಮಣಿ ಧರಿಸುತ್ತಾರೆ. ತರಬೇತುದಾರರ ತರಬೇತಿ ಪಡೆದವರಿಗೆ ಮೂರು, ನಾಲ್ಕು ಮಣಿ. ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್, ದಾವಣಗೆರೆ ಸೀಮೆಯ ಕೊಂಡಜ್ಜಿ ಶಿಬಿರಗಳ ಹೆಸರು ಕೇಳಿದರೆ ರಾಜ್ಯದ ಎಷ್ಟೋ ನಿವೃತ್ತ ಶಿಕ್ಷಕರ ಕಣ್ಣು ಈಗಲೂ ಮಿನುಗುತ್ತದೆ. ಎರಡು ಕೋರ್ಸುಗಳ ನಡುವೆ ‘ಹೋಗಿ ಕೆಲಸ ಮಾಡಿ ಬಾ’ ಎಂದು ಬಿಡುವ ಆ ಅಂತರವೇ ಈ ಪದ್ಧತಿಯ ಜಾಣತನ. ಹೊಸ ಸಾಹಸ ಸಂಸ್ಥೆಗಳು ಅದನ್ನು ಮರೆತಿವೆ. ವಾರದ ಕೋರ್ಸು ಮುಗಿಸಿದ ತರುಣ ಮರುವಾರವೇ ಮೂವತ್ತು ಮಕ್ಕಳ ಮುಂದೆ ಹಾರ್ನೆಸ್ ಹಿಡಿದು ನಿಲ್ಲುವುದಿದೆ.

ಸರ್ಕಾರದ ಕಡೆಯಿಂದ ರಾಜ್ಯದಲ್ಲಿ ಈ ಕೆಲಸ ಮಾಡುತ್ತಿರುವುದು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಆಶ್ರಯದ ಈ ಸಂಸ್ಥೆಗೆ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಕೆ. ಎಸ್. ತಿಮ್ಮಯ್ಯನವರ ಹೆಸರಿಟ್ಟಿದ್ದಾರೆ. ಶರಾವತಿಯ ಹಿನ್ನೀರಿನಲ್ಲಿ, ಸಾಗರದ ಬಳಿಯ ಹೊನ್ನೆಮರಡುವಿನಲ್ಲಿ, ಸಾಹಸವನ್ನೂ ಪರಿಸರ ಶಿಕ್ಷಣವನ್ನೂ ಒಂದೇ ದೋಣಿಯಲ್ಲಿ ಕೂರಿಸುವ ಶಿಬಿರಗಳು ಬಹುಕಾಲದಿಂದ ನಡೆದಿವೆ. ದಾಂಡೇಲಿಯ ಕಾಳಿ ನದಿಯಲ್ಲಿ ರ್‍ಯಾಫ್ಟಿಂಗ್ ಗೈಡುಗಳ ಒಂದು ಪೀಳಿಗೆಯೇ ಬೆಳೆದಿದೆ.

ಆದರೆ ವಿಜಯಪುರದವರಿಗೆ ಹತ್ತಿರದ ದೊಡ್ಡ ಪಾಠಶಾಲೆ ಬಾದಾಮಿ. ಅಗಸ್ತ್ಯ ತೀರ್ಥದ ಸುತ್ತ ನಿಂತಿರುವ ಕೆಂಪು ಮರಳುಗಲ್ಲಿನ ಗೋಡೆಗಳು ದೇಶ ವಿದೇಶಗಳ ಬಂಡೆ ಹತ್ತುವವರನ್ನು ಸೆಳೆದಿವೆ. ಇಲ್ಲಿನ ಗಣೇಶ ಎಂಬ ಮಾರ್ಗ ಭಾರತದ ಅತಿ ಕಠಿಣ ಮಾರ್ಗಗಳಲ್ಲಿ ಒಂದು. ಬೋಧಕನಾಗುವವನಿಗೆ ಈ ಊರು ಬಂಡೆಯ ಪಾಠದ ಜೊತೆಗೆ ಬೇರೆ ಪಾಠಗಳನ್ನೂ ಇಟ್ಟಿದೆ. ಆರನೆಯ ಶತಮಾನದ ಗುಹಾಲಯಗಳ ನೆರೆಯಲ್ಲಿ ಎಲ್ಲಿ ಕೈಯಿಡಬಹುದು, ಎಲ್ಲಿ ಇಡಬಾರದು? ಬಂಡೆಯ ಕೊರಕಲಿನಲ್ಲಿ ಹೆಜ್ಜೇನು ಕಟ್ಟಿದೆಯೇ? ಹಗ್ಗದ ಮೇಲೆ ಅರ್ಧದಾರಿಯಲ್ಲಿರುವ ಹುಡುಗಿಯ ಮೇಲೆ ಜೇನೆದ್ದರೆ ಏನು ಮಾಡುವುದು? ಸಲಕರಣೆಯ ಪಾಠವೂ ಇದೆ: ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಅಂದರೆ ಕ್ಯಾರಬೀನರ್, ಸಾಮಾನ್ಯವಾಗಿ 20 ಕಿಲೋನ್ಯೂಟನ್‌ಗಿಂತ ಹೆಚ್ಚು, ಅಂದರೆ ಸುಮಾರು ಎರಡು ಟನ್ನಿನ ಎಳೆತ ತಡೆಯುತ್ತದೆ. ಅದರ ಬಾಗಿಲು ತೆರೆದಿದ್ದರೆ ಆ ಶಕ್ತಿ ಅರ್ಧಕ್ಕೂ ಕೆಳಗಿಳಿಯುತ್ತದೆ. ಹತ್ತುವ ಹಗ್ಗವನ್ನು ಬಳಸದೆ ಇಟ್ಟಿದ್ದರೂ ಹತ್ತು ವರ್ಷಕ್ಕೆ ಎಸೆಯಬೇಕು. ಇವೆಲ್ಲ ಒಮ್ಮೆ ಕಲಿತು ಮುಗಿಸುವ ವಿಷಯಗಳಲ್ಲ. ಸಲಕರಣೆ ಬದಲಾಗುತ್ತದೆ, ಗಂಟಿನ ಪದ್ಧತಿ ಬದಲಾಗುತ್ತದೆ, ಹತ್ತು ವರ್ಷದ ಹಿಂದೆ ಸರಿ ಎನ್ನಿಸಿದ್ದು ಇಂದು ತಪ್ಪಾಗಿರಬಹುದು.

ತಾಂತ್ರಿಕ ಕೌಶಲ ಈ ವೃತ್ತಿಯಲ್ಲಿ ಒಂದು ಪಾಲು ಮಾತ್ರ. ಉಳಿದ ಪಾಲು ಮಾತು, ಮೌನ, ಕೇಳುವಿಕೆ. ಅಮೆರಿಕದ ಚಿಂತಕ ಜಾನ್ ಡ್ಯೂಯಿ 1938ರಲ್ಲೇ ಎಲ್ಲ ಅನುಭವವೂ ಶಿಕ್ಷಣವಾಗದು ಎಂದು ವಾದಿಸಿದ್ದ. 1984ರಲ್ಲಿ ಡೇವಿಡ್ ಕೋಲ್ಬ್ ಅದನ್ನು ಒಂದು ಚಕ್ರವಾಗಿ ಬರೆದ: ಮಾಡುವುದು, ಮಾಡಿದ್ದನ್ನು ನೆನೆಯುವುದು, ಅದರಿಂದ ಒಂದು ತಿಳಿವು ಕಟ್ಟಿಕೊಳ್ಳುವುದು, ಅದನ್ನು ಮತ್ತೆ ಪರೀಕ್ಷಿಸುವುದು. ಹೊಸ ಬೋಧಕರು ಮೊದಲನೆಯ ಹೆಜ್ಜೆಯಲ್ಲೇ ನಿಲ್ಲುತ್ತಾರೆ. ಮಕ್ಕಳು ಹತ್ತಿದರು, ಕಿರುಚಿದರು, ಇಳಿದರು, ಬಸ್ಸು ಹತ್ತಿದರು. ಪಳಗಿದವರು ಇಳಿದ ಮಕ್ಕಳನ್ನು ನೆರಳಿನಲ್ಲಿ ವರ್ತುಲವಾಗಿ ಕೂರಿಸುತ್ತಾರೆ. ಏನಾಯ್ತು, ಯಾಕೆ ಹಂಗಾಯ್ತು, ಇನ್ನೊಮ್ಮೆ ಆದರ ಏನು ಮಾಡ್ತೀರಿ ಎಂದು ಮೂರೇ ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಈ ಸುಮ್ಮನಿರುವುದನ್ನು ಕಲಿಯಲು ವರ್ಷಗಳು ಬೇಕು. ಅರ್ಧಕ್ಕೇ ಇಳಿದುಬಂದ ಹುಡುಗನನ್ನು ಹುರಿದುಂಬಿಸುವ ಹೆಸರಿನಲ್ಲಿ ಎಲ್ಲರೆದುರು ನಾಚಿಸಿದರೆ ಅವನು ಬಂಡೆಗಷ್ಟೇ ಅಲ್ಲ, ಗುಂಪಿಗೂ ಹೆದರುವವನಾಗುತ್ತಾನೆ. ಬೇಡವೆನ್ನುವ ಹಕ್ಕನ್ನು ಮಗುವಿಗೆ ಕೊಡುವುದೂ ಈ ಶಿಕ್ಷಣದ ಒಂದು ತತ್ವ.

ಇನ್ನು ಪ್ರಥಮ ಚಿಕಿತ್ಸೆ. ಆಸ್ಪತ್ರೆ ದೂರವಿರುವ ಜಾಗಗಳಿಗೆಂದೇ ರೂಪಿಸಿದ ವಿಲ್ಡರ್ನೆಸ್ ಫಸ್ಟ್ ರೆಸ್ಪಾಂಡರ್ ಕೋರ್ಸು 70–80 ಗಂಟೆಗಳದು. ಪ್ರಮಾಣಪತ್ರ ಎರಡು ಮೂರು ವರ್ಷಕ್ಕೆ ಅವಧಿ ಮುಗಿಯುತ್ತದೆ, ಮತ್ತೆ ಪರೀಕ್ಷೆ ಕೊಡಬೇಕು. ಭಾರತದಲ್ಲಿ ಮಸೂರಿಯ ವುಡ್‌ಸ್ಟಾಕ್ ಶಾಲೆಯ ಹಾನಿಫಲ್ ಕೇಂದ್ರ ಇಂಥ ತರಬೇತಿಗೆ ಹೆಸರುವಾಸಿ. ಆದರೆ ಹಿಮಾಲಯದ ಪಠ್ಯವನ್ನು ಹಾಗೆಯೇ ತಂದು ವಿಜಯಪುರ ಸೀಮೆಯ ಬಬಲೇಶ್ವರದ ಎರೆಹೊಲದಲ್ಲಿ ಓದಿದರೆ ಪ್ರಯೋಜನ ಕಡಿಮೆ. ಹಿಮಗಡಿತಕ್ಕಿಂತ ಇಲ್ಲಿನ ಬೋಧಕ ಬಿಸಿಲನ್ನು ಓದಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ತಿಕೋಟಾ, ಜೈನಾಪುರದ ಬಯಲಿನಲ್ಲಿ ಪಾದರಸ 40 ಡಿಗ್ರಿ ದಾಟುವುದು ಸಾಮಾನ್ಯ. ಬೇಸಿಗೆ ರಜೆಯ ಶಿಬಿರಗಳು ನಡೆಯುವುದೂ ಆಗಲೇ. ಹುಡುಗನೊಬ್ಬ ತೊದಲತೊಡಗಿ, ಮಾತು ತಪ್ಪಿ, ಮೈ ಕಾದ ಹಂಚಿನಂತಾದರೆ ಅದು ಬಿಸಿಲಾಘಾತ. ಆಂಬುಲೆನ್ಸ್‌ಗೆ ಕರೆ ಮಾಡಿಸಿ, ಅದು ಬರುವ ತನಕ ಕಾಯದೆ ಅವನನ್ನು ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ ತಣಿಸಲು ತೊಡಗಬೇಕು. ಮೊದಲು ತಣಿಸು, ಆಮೇಲೆ ಸಾಗಿಸು ಎಂಬುದು ಇಲ್ಲಿನ ಸೂತ್ರ. ಮುಂಗಾರಿನ ಮುಂಚಿನ ಅಡ್ಡ ಮಳೆಗಳು ಸಿಡಿಲು ತರುತ್ತವೆ. ಬಯಲಿನಲ್ಲಿ ಒಂಟಿ ಬೇವಿನ ಮರ ಕಂಡರೆ ಎಲ್ಲರ ಕಾಲೂ ಅತ್ತಲೇ ಓಡುತ್ತದೆ, ಓಡಬಾರದ ಜಾಗವೇ ಅದು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ; ಕಟ್ಟಡವನ್ನೋ ಮುಚ್ಚಿದ ಬಸ್ಸನ್ನೋ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ತಾಸು ಕಾಯಬೇಕು.

ಹಾವಿನ ವಿಷಯದಲ್ಲಿ ಕಲಿಯುವುದಕ್ಕಿಂತ ಮರೆಯಬೇಕಾದದ್ದೇ ಹೆಚ್ಚು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ದೇಶದಲ್ಲಿ ಸಿಗುವ ಪ್ರತಿವಿಷ ಕೆಲಸ ಮಾಡುತ್ತದೆ, ಅದು ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ. ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಗಿಡಮೂಲಿಕೆ ಹುಡುಕಿ ಹೊತ್ತು ಕಳೆಯುವುದು ಎಲ್ಲವೂ ಹಾನಿ. ಕಚ್ಚಿದ ಅಂಗ ಅಲುಗದಂತೆ ಇರಿಸಿ ವಾಹನಕ್ಕೆ ಹತ್ತಿಸಬೇಕು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಶಿಬಿರ ಹೂಡುವ ಮುಂಚೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವಿದೆ ಎಂದು ಫೋನ್ ಮಾಡಿ ಕೇಳಿಟ್ಟುಕೊಳ್ಳುವುದು ಬೋಧಕನ ಕೆಲಸ.

ನೀರಿನ ಅಪಾಯ ಈ ಸೀಮೆಗೆ ಹೊಸದು. ಬರದ ನಾಡೆನ್ನಿಸಿಕೊಂಡಲ್ಲಿ ಈಗ ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳ ಕಾಲುವೆ ಹರಿಯುತ್ತಿದೆ. ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿವೆ. ಅಜ್ಜಂದಿರು ಬಾವಿಯಲ್ಲಿ ಕುಂಬಳಕಾಯಿ ಕಟ್ಟಿಕೊಂಡು ಈಜು ಕಲಿತಿದ್ದರು, ಮೊಮ್ಮಕ್ಕಳಿಗೆ ಈಜು ಬಾರದು. ಕಾಲುವೆಯ ಇಳಿಜಾರು ಕಾಂಕ್ರೀಟಿನ ಮೇಲಿನ ಪಾಚಿ, ಹೊಂಡದ ಜಾರುವ ಹಾಳೆ, ಬಿದ್ದವರನ್ನು ಹತ್ತಗೊಡುವುದಿಲ್ಲ. ಜಲರಕ್ಷಣೆಯ ಮೊದಲ ಪಾಠ ಸರಳ: ಕೋಲು ಚಾಚು, ಆಗದಿದ್ದರೆ ಹಗ್ಗವನ್ನೋ ಸೀರೆಯನ್ನೋ ಎಸೆ, ನೀರಿಗಿಳಿಯುವುದು ಎಲ್ಲಕ್ಕೂ ಕೊನೆಗೆ. ಒಬ್ಬನನ್ನು ಉಳಿಸಹೋಗಿ ಇಬ್ಬರು ಮೂವರು ಹೋದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುವುದು ಈ ಪಾಠ ಊರು ಮುಟ್ಟದ ಕಾರಣಕ್ಕೆ.

ನಾಡನ್ನು ಕಲಕಿದ ದುರಂತಗಳೂ ಇದನ್ನೇ ಹೇಳುತ್ತವೆ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ತರಬೇತಿ ತಂಡವೊಂದರ ಮೇಲೆ ಹಿಮಕುಸಿತವಾಯಿತು; ನುರಿತ ಬೋಧಕರೇ ಜೊತೆಗಿದ್ದ ತಂಡವದು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಹೋದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡದಲ್ಲಿ ಒಂಬತ್ತು ಮಂದಿ ಹಿಮಗಾಳಿ, ಚಳಿಗೆ ಬಲಿಯಾದರು. ಅದೇ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುಳುಗಿದರು. ಈ ನಾಲ್ಕೂ ಒಂದೇ ಬಗೆಯವಲ್ಲ. ಪ್ರಕೃತಿಯ ಮುನಿಸನ್ನು ಯಾವ ಪ್ರಮಾಣಪತ್ರವೂ ತಡೆಯದು. ಆದರೆ ಹಿಂತಿರುಗುವ ಹೊತ್ತನ್ನು ಮೊದಲೇ ಗೊತ್ತುಮಾಡಿ ಅದಕ್ಕೆ ಬದ್ಧನಾಗಿರುವುದು, ನೀರಿನ ಅಂಚಿನಲ್ಲಿ ಮಕ್ಕಳನ್ನು ಎಣಿಸಿ ನಿಲ್ಲಿಸುವುದು, ಊರಿನವರು ಬೇಡವೆಂದರೆ ಕೇಳುವುದು ಕಲಿಸಬಹುದಾದ ಸಂಗತಿಗಳು. ತಪ್ಪಿಹೋದ ಅಪಾಯಗಳನ್ನು ಬರೆದಿಟ್ಟು ತಂಡದವರೆಲ್ಲ ಕೂಡಿ ಓದುವ ರೂಢಿ ಒಳ್ಳೆಯ ಸಂಸ್ಥೆಗಳಲ್ಲಿದೆ. ಬೈಯುವವರಿಲ್ಲದ ಕಡೆ ಮಾತ್ರ ಅದು ಬೆಳೆಯುತ್ತದೆ.

ಕಾಯಿದೆ, ಮಾನದಂಡಗಳ ಕಡೆಯಿಂದಲೂ ಕೆಲಸ ನಡೆದಿದೆ. ಸಾಹಸ ಪ್ರವಾಸದ ಸುರಕ್ಷತೆಗೆ ಐಎಸ್‌ಒ 21101 ಎಂಬ ಅಂತರರಾಷ್ಟ್ರೀಯ ಮಾನದಂಡ 2014ರಲ್ಲಿ ಬಂತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸದ ಮಾರ್ಗಸೂಚಿ ಹೊರತಂದಿತು.

ಶಾಲೆಗಳ ಮಟ್ಟಿಗೆ ದೊಡ್ಡ ಬಾಗಿಲು ತೆರೆದದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಚೀಲವಿಲ್ಲದ ಕಲಿಕೆ, ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಇರಲಿ ಎಂದು ಅದು ಹೇಳುತ್ತದೆ. ರಾಜ್ಯಕ್ಕೆ ಈ ದಾರಿ ಹೊಸದೇನಲ್ಲ. 1990ರ ದಶಕದ ನಡುವಿನಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿಬಂದು ನಲಿ-ಕಲಿ ಎಂಬ ಕಲಿಕಾ ಪದ್ಧತಿಯನ್ನು ಕಟ್ಟಿದರು. ಶಿಕ್ಷಕರೇ ಕಾರ್ಡು ಬರೆದು, ತಿದ್ದಿ, ತಮ್ಮ ತಮ್ಮಲ್ಲೇ ಚರ್ಚಿಸಿ ಬೆಳೆಸಿದ್ದರಿಂದ ಅದು ಗಟ್ಟಿಯಾಯಿತು. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಕರೆದೊಯ್ಯುವ ಶಿಕ್ಷಕರಿಗೂ ಅಷ್ಟೇ ಶ್ರದ್ಧೆಯ ತರಬೇತಿ ಸಿಗಬೇಕೆಂಬುದು ಉಳಿದಿರುವ ಮಾತು.

ವಿಜಯಪುರಕ್ಕೆ ಬೆಟ್ಟವಿಲ್ಲ, ಕಾಡಿಲ್ಲ ಎಂದು ಹೇಳುವವರುಂಟು. 1633ರ ಸುಮಾರಿಗೆ ಆದಿಲ್‌ಶಾಹಿ ಅರಸ ಮಹಮ್ಮದ್ ಕಟ್ಟಿಸಿದ ಮಮದಾಪುರದ ಕೆರೆ ಬಬಲೇಶ್ವರ ತಾಲ್ಲೂಕಿನಲ್ಲೇ ಇದೆ. ಅದರ ಏರಿಯ ಮೇಲೆ ದಿನವಿಡೀ ನಡೆದರೆ ನೀರಾವರಿ, ಹಕ್ಕಿ, ಇತಿಹಾಸ, ನಕ್ಷೆ ಓದುವಿಕೆ ಎಲ್ಲವನ್ನೂ ಕಲಿಸಬಹುದು. ಡೋಣಿ ನದಿಯ ಉಪ್ಪು ನೀರು, ಅದರ ದಂಡೆಯ ಎರೆಮಣ್ಣು, ಆ ಮಣ್ಣಿನಲ್ಲಿ ಬೆಳೆವ ಬಿಳಿಜೋಳ ಒಂದು ಪೂರ್ತಿ ಪಾಠ. ನಗರದ ಕೋಟೆಗೋಡೆಯ ಸುತ್ತ ಹತ್ತು ಕಿಲೋಮೀಟರಿನ ನಡಿಗೆ, ನೆಲದಡಿ ಸುರಂಗ ಕೊರೆದು ಊರಿಗೆ ನೀರು ತಂದ ಸುರಂಗಬಾವಡಿ, ಕುಮಟಗಿಯ ಬೇಸಿಗೆ ಅರಮನೆ, ಸ್ವಲ್ಪ ದೂರದಲ್ಲಿ ಆಲಮಟ್ಟಿಯ ಹಿನ್ನೀರು ಇವೆ. ಸೈಕ್ಲಿಂಗ್‌ನಲ್ಲಿ ಈ ಜಿಲ್ಲೆ ರಾಜ್ಯಕ್ಕೇ ಹೆಸರು ತಂದಿದೆ. ನೇರ ರಸ್ತೆಗಳ ಈ ನಾಡಿನಲ್ಲಿ ಸೈಕಲ್ ಮೇಲಿನ ಶಿಬಿರ ಬಂಡೆ ಹತ್ತುವುದಕ್ಕಿಂತ ಸಹಜ.

ಕಲಿಸಬಲ್ಲ ಮನೆಗಳೂ ಇಲ್ಲಿವೆ. 1963ರ ಸೆಪ್ಟೆಂಬರ್ 16ರಂದು ಆರಂಭವಾದ ಸೈನಿಕ ಶಾಲೆಯಲ್ಲಿ ಹೊರಾಂಗಣ ಶಿಸ್ತಿನ ಆರು ದಶಕಗಳ ಅನುಭವವಿದೆ. ಅಥಣಿ ರಸ್ತೆಯ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ವಸತಿ ಶಾಲೆಯ ಹೆಣ್ಣುಮಕ್ಕಳನ್ನು ಹೊರಗೆ ಕರೆದೊಯ್ಯಲು ಪಾಲಕರು ಮೊದಲು ಕೇಳುವುದು ಜೊತೆಗೆ ಮೇಡಂ ಇರತಾರೇನ್ರೀ ಎಂದು. ಬಚೇಂದ್ರಿ ಪಾಲ್ 1984ರಲ್ಲಿ ಎವರೆಸ್ಟ್ ಏರಿದ ಮೇಲೆ ಜಮ್ಶೆಡ್‌ಪುರದ ಟಾಟಾ ಸ್ಟೀಲ್ ಸಾಹಸ ಪ್ರತಿಷ್ಠಾನದಲ್ಲಿ ದಶಕಗಳ ಕಾಲ ತರಬೇತಿ ನಡೆಸಿ ಹೊಸ ಹೊಸ ಮಹಿಳೆಯರನ್ನು ಬೋಧಕಿಯರಾಗಿಸಿದರು. ತೊರವಿಯಲ್ಲಿ ದೈಹಿಕ ಶಿಕ್ಷಣ ಓದುವ ತಿಕೋಟಾ, ಇಂಡಿ, ಸಿಂದಗಿಯ ಹುಡುಗಿಯರಿಗೆ ಒಂದು ಸಾಹಸ ಬೋಧನೆಯ ಪತ್ರಿಕೆ ಸಿಕ್ಕರೆ ಆ ಪಾಲಕರ ಪ್ರಶ್ನೆಗೆ ಉತ್ತರ ಊರಲ್ಲೇ ಹುಟ್ಟುತ್ತದೆ.

ಭಾಷೆಯದೂ ಒಂದು ದೊಡ್ಡ ತೊಡಕು. ಉತ್ತರಕಾಶಿಯಲ್ಲಿ ಪಾಠ ಹಿಂದಿ, ಇಂಗ್ಲಿಷಿನಲ್ಲಿ, ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಬಿಲೇ, ಆ್ಯಂಕರ್, ಹಾರ್ನೆಸ್ ಎಂಬ ಮಾತುಗಳನ್ನು ಕನ್ನಡದಲ್ಲಿ ಹಾಗೆಯೇ ಬಳಸಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ‘ಹಗ್ಗ ಸಡಿಲ ಬಿಡು’, ‘ಬಿಗಿ’, ‘ನಿಲ್ಲು’ ಎಂಬ ಕೂಗುಗಳು ಹೆದರಿದ ಮಗುವಿನ ಕಿವಿಗೆ ಅದರ ಮನೆಮಾತಿನಲ್ಲೇ ತಲುಪಬೇಕು. ಗಂಟುಗಳ ವಿಷಯದಲ್ಲಿ ಒಕ್ಕಲು ಮನೆಯ ಮಕ್ಕಳು ಅರ್ಧ ಪಾಠ ಮುಗಿಸಿಯೇ ಬಂದಿರುತ್ತಾರೆ. ಎತ್ತಿಗೆ ಕಣ್ಣಿ ಹಾಕಿದವರಿಗೆ, ಮೇವಿನ ಬಂಡಿಗೆ ಹಗ್ಗ ಬಿಗಿದವರಿಗೆ, ಸರಗುಣಿಕೆ ಯಾವಾಗ ಬಿಚ್ಚಿಕೊಳ್ಳುತ್ತದೆ, ಯಾವಾಗ ಕುತ್ತಿಗೆ ಬಿಗಿಯುತ್ತದೆ ಎಂದು ಹೇಳಿಕೊಡಬೇಕಿಲ್ಲ. ಈ ಬೆರಳುಗಳ ತಿಳಿವನ್ನು ಗೌರವದಿಂದ ಎತ್ತಿಕೊಳ್ಳುವ ಒಂದು ಕನ್ನಡ ಕೈಪಿಡಿ ಬೇಕು. ಅದರ ಮೊದಲ ಪ್ರಕರಣ ಬಿಸಿಲಿನದು, ಎರಡನೆಯದು ಕಾಲುವೆಯದು, ಮೂರನೆಯದು ಬಂಡೆಯದು ಆಗಬೇಕು.